ನಿಕ್ಸನ್ ಟೇಪುಗಳು: ಮೂರು ತಿಂಗಳು ಕಿವಿಗೆ ಹಾಕ್ಕೊಂಡು ಕೇಳಿದವನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇದು ಪಾಡ್‌ಕಾಸ್ಟ್ ಅಲ್ಲ, ಆಡಿಯೋಬುಕ್ಕೂ ಅಲ್ಲ, ಆದ್ರೆ ಈ ವರ್ಷ ನನ್ನ ಕಿವಿ ಅತಿ ಹೆಚ್ಚು ಹೊತ್ತು ಕೇಳಿದ್ದು ಇದನ್ನೇ, ಹಾಗಾಗಿ ರಿವ್ಯೂ ಬರೀದೇ ಇದ್ರೆ ಮನಸ್ಸಿಗೆ ಸಮಾಧಾನ ಇಲ್ಲ. ಅಮೆರಿಕದ 37ನೇ ಪ್ರೆಸಿಡೆಂಟ್ ರಿಚರ್ಡ್ ನಿಕ್ಸನ್ 1971ರ ಫೆಬ್ರವರಿಯಿಂದ 1973ರ ಜುಲೈ ತನಕ ತನ್ನ ಆಫೀಸಲ್ಲಿ, ತನ್ನ ಫೋನಲ್ಲಿ, ಎದುರಿಗೆ ಕೂತೋರಿಗೆ ಗೊತ್ತಾಗದ ಹಾಗೆ ತಾನೇ ರೆಕಾರ್ಡ್ ಮಾಡಿಸಿಟ್ಟಿದ್ದ ಮಾತುಕತೆಗಳು. ಈಗ ಅಲ್ಲಿನ ನ್ಯಾಷನಲ್ ಆರ್ಕೈವ್ಸ್ ಅಡಿಯಲ್ಲಿರೋ ನಿಕ್ಸನ್ ಲೈಬ್ರರಿಯೋರು ಆನ್‌ಲೈನಲ್ಲಿ ಹಾಕಿದ್ದಾರೆ, ಯಾರು ಬೇಕಾದ್ರೂ ಕೂತಲ್ಲೇ ಕೇಳಬಹುದು. ವಾಟರ್‌ಗೇಟ್ ಹಗರಣ ಅಂತ ಶಾಲೆಯಲ್ಲಿ ಒಂದು ಸಾಲು ಓದಿರ್ತೀವಲ್ಲ, ಅದೇ. ಆ ಒಂದು ಸಾಲಿನ ಹಿಂದೆ ಒಟ್ಟು 3,700 ಗಂಟೆ ಟೇಪ್ ಇದೆ, ಅದರಲ್ಲಿ ಹತ್ತಿರ ಹತ್ತಿರ 3,000 ಗಂಟೆ ಹೊರಗೆ ಬಿಟ್ಟಿದ್ದಾರೆ, ದಿನಕ್ಕೆ ಎಂಟು ಗಂಟೆ ಡ್ಯೂಟಿ ಥರ ಕೂತು ಕೇಳಿದ್ರೂ 375 ದಿನ ಬೇಕು. ನಾನು ಕೇಳಿರೋದು ಸಮುದ್ರದಲ್ಲಿ ಒಂದು ಚೊಂಬು.

ದುಡ್ಡೆಷ್ಟು ಅನ್ನೋರಿಗೆ: ಸೊನ್ನೆ. ಓಟಿಪಿ ಇಲ್ಲ, ಮಧ್ಯದಲ್ಲಿ ಆ್ಯಡ್ ಬಂದು ಅಂಡರ್‌ವೇರ್ ಮಾರಲ್ಲ. ಫ್ರೀ ಅಂದ್ರೆ ನಮಗೆ ಫ್ರೀ ಅಷ್ಟೇ, ಅಲ್ಲಿನ ಜನ ಇದಕ್ಕೆ ಕೊಟ್ಟ ಬೆಲೆ ಕಮ್ಮಿ ಇಲ್ಲ. ರಾಜೀನಾಮೆ ಕೊಟ್ಟು ಹೋಗ್ವಾಗ ನಿಕ್ಸನ್ ಈ ಟೇಪೆಲ್ಲ ನಂದು ಅಂದ, ಸಂಸತ್ತು 1974ರಲ್ಲೇ ಒಂದು ಕಾನೂನು ಮಾಡಿ ಇದು ದೇಶದ್ದು ಅಂತ ಕಿತ್ತಿಟ್ಕೊಂಡಿತು, ಆಮೇಲೆ ಆಸಾಮಿ 1994ರಲ್ಲಿ ಸಾಯೋ ತನಕ ಕೋರ್ಟಲ್ಲಿ ಗುದ್ದಾಡ್ತಾನೇ ಇದ್ದ. ಕೊನೆಗೆ 2000ದಲ್ಲಿ ಸರ್ಕಾರ ಆತನ ವಾರಸುದಾರರ ಕಡೆಗೆ 1.8 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸ್ತು. ಅಂದ್ರೆ ಪ್ರೆಸಿಡೆಂಟ್ ಮಾಡಿದ ತಪ್ಪಿನ ಸಾಕ್ಷಿಗೆ ಪ್ರಜೆಗಳೇ ದುಡ್ಡು ಕೊಟ್ಟು ಕೊಂಡ್ಕೊಂಡ ಹಾಗಾಯ್ತು. ಕೊನೇ ಕಂತು ರಿಲೀಸ್ ಆಗಿದ್ದು 2013ರಲ್ಲಿ, ರೆಕಾರ್ಡ್ ಆಗಿ 40 ವರ್ಷ ಆದ ಮೇಲೆ.

ಸೌಂಡ್ ವಿಷಯಕ್ಕೆ ಬರೋಣ, ಯಾಕಂದ್ರೆ ಮುಕ್ಕಾಲು ಪಾಲು ಜನ ಇಲ್ಲೇ ಬಿಟ್ಟು ಎದ್ದು ಹೋಗ್ತಾರೆ. ಭಯಂಕರ ಕೆಟ್ಟದಾಗಿದೆ. ಓವಲ್ ಆಫೀಸಿನ ಮೇಜಿನೊಳಗೆ ಐದು ಮೈಕ್, ಫೈರ್‌ಪ್ಲೇಸ್ ಹತ್ರ ಎರಡು ಮೈಕ್, ಎಲ್ಲಾ ಸೀಕ್ರೆಟ್ ಸರ್ವೀಸಿನೋರು ಕೂರಿಸಿದ್ದು, ಕೆಳಗೆ ಎಲ್ಲೋ ಸೋನಿ ರೀಲ್ ರೆಕಾರ್ಡರ್, ಅದರಲ್ಲಿ ತೆಳ್ಳನೆ ಟೇಪು, ಜಾಸ್ತಿ ಹೊತ್ತು ಬರಲಿ ಅಂತ ನಿಧಾನದ ಸ್ಪೀಡು. ಪ್ರೆಸಿಡೆಂಟ್ ರೂಮಲ್ಲಿ ಇದ್ದು ಏನಾದ್ರೂ ಸದ್ದಾದ್ರೆ ಮೆಷಿನ್ ತಾನಾಗೇ ಎದ್ಕೊಳುತ್ತೆ, ಸದ್ದು ನಿಂತ್ರೆ ಮಲಗುತ್ತೆ. ಕೆಲವು ಸಲ ಅದು ನಿದ್ದೆಯಿಂದ ಎದ್ದೇಳೋ ಹೊತ್ತಿಗೆ ವಾಕ್ಯದ ಮೊದಲನೇ ಪದ ಹೋಗಿಬಿಟ್ಟಿರುತ್ತೆ. ಮೇಜಿನ ಮೇಲೆ ಕಾಫಿ ಕಪ್ ಇಟ್ರೆ ಕಿವಿಯೊಳಗೆ ಇಟ್ಟಂಗೆ ಠಣ್ ಅನ್ನುತ್ತೆ, ದೂರದ ಸೋಫಾದಲ್ಲಿ ಕೂತು ಮಾತಾಡೋನು ಮಾತ್ರ ಬಾವಿಯೊಳಗಿಂದ ಕೂಗ್ದಂಗೆ. ಪಕ್ಕದ ಕಟ್ಟಡದಲ್ಲಿ ನಿಕ್ಸನ್‌ಗೆ ಇನ್ನೊಂದು ಪ್ರೈವೇಟ್ ಆಫೀಸ್ ಇತ್ತು, ಅಲ್ಲಿನ ಟೇಪುಗಳು ಇನ್ನೂ ಅಧ್ವಾನ, ಅರ್ಧ ಮಾತು ಗೊಣಗಾಟ. ಫೋನ್ ಕಾಲ್‌ಗಳು ಮಾತ್ರ ಸ್ಫಟಿಕದ ಹಾಗಿವೆ, ಹೊಸಬರು ಅಲ್ಲಿಂದ ಶುರು ಮಾಡಿದ್ರೆ ಒಳ್ಳೇದು. ನಾನು ಮೊದಲು ಮೊಬೈಲ್ ಸ್ಪೀಕರಲ್ಲಿ ಹಾಕ್ಕೊಂಡು ಪಾತ್ರೆ ತೊಳೀತಾ ಕೇಳೋಕೆ ನೋಡ್ದೆ, ಆಗಲ್ಲ, ಇದು ಪಾತ್ರೆ ತೊಳೀತಾ ಕೇಳೋ ಐಟಂ ಅಲ್ಲ, ಒಳ್ಳೇ ಹೆಡ್‌ಫೋನ್ ಹಾಕ್ಕೊಂಡು ಟ್ರಾನ್ಸ್‌ಕ್ರಿಪ್ಟ್ ಎದುರಿಗೆ ಇಟ್ಕೊಂಡು ಪರೀಕ್ಷೆಗೆ ಓದೋ ಥರ ಕೂರಬೇಕು.

ತಮಾಷೆ ಏನಂದ್ರೆ, ಹಿಂದಿನ ಪ್ರೆಸಿಡೆಂಟ್ ಜಾನ್ಸನ್ ಹಾಕಿಸಿದ್ದ ರೆಕಾರ್ಡಿಂಗ್ ಸಿಸ್ಟಮ್ಮನ್ನ ಈ ನಿಕ್ಸನ್ನೇ ಬಂದ ಹೊಸದರಲ್ಲಿ ಕಿತ್ತು ಹಾಕಿಸಿದ್ದ. ಎರಡು ವರ್ಷ ಆದ ಮೇಲೆ ಇತಿಹಾಸಕ್ಕೆ ದಾಖಲೆ ಇರಲಿ ಅಂತ ಅದಕ್ಕಿಂತ ದೊಡ್ಡದನ್ನ ತಾನೇ ಹಾಕಿಸ್ದ. ಹಾಕಿಸದೇ ಇದ್ದಿದ್ರೆ ಪೂರ್ತಿ ಅವಧಿ ಮುಗಿಸಿ ಆರಾಮಾಗಿ ಮನೆಗೆ ಹೋಗ್ತಿದ್ನೋ ಏನೋ.

ಕತೆ ಗೊತ್ತಿಲ್ಲದೋರಿಗೆ ಜಲ್ದಿ ಹೇಳಿ ಮುಗಿಸ್ತೀನಿ. 1972 ಜೂನ್ 17ರ ನಡುರಾತ್ರಿ ಕಳೆದ ಮೇಲೆ ವಾಷಿಂಗ್ಟನ್‌ನಲ್ಲಿ ವಾಟರ್‌ಗೇಟ್ ಅನ್ನೋ ಬಿಲ್ಡಿಂಗಲ್ಲಿ ಎದುರಾಳಿ ಡೆಮಾಕ್ರಟಿಕ್ ಪಾರ್ಟಿ ಆಫೀಸಿಗೆ ನುಗ್ಗಿದ್ದ, ನಿಕ್ಸನ್ ಚುನಾವಣಾ ಪ್ರಚಾರದ ಕಡೆಯೋರು ಕಳಿಸಿದ್ದ ಐದು ಜನ ಸಿಕ್ಕಿಬಿದ್ರು. ಸಿಕ್ಕಿಸಿದ್ದು ಫ್ರಾಂಕ್ ವಿಲ್ಸ್ ಅನ್ನೋ ನೈಟ್ ಶಿಫ್ಟ್ ಸೆಕ್ಯುರಿಟಿ ಗಾರ್ಡು, ಬಾಗಿಲು ಲಾಕ್ ಆಗದ ಹಾಗೆ ಯಾರೋ ಟೇಪ್ ಅಂಟಿಸಿದ್ರು, ಕಿತ್ತು ಹೋದ, ತಿರುಗಿ ಬಂದಾಗ ಮತ್ತೆ ಟೇಪು, ಪೊಲೀಸಿಗೆ ಫೋನ್ ಮಾಡ್ದ. (ಶುರುವಾಗಿದ್ದೂ ಟೇಪಿಂದ, ಮುಗಿದಿದ್ದೂ ಟೇಪಿಂದ.) ಇದ್ಯಾವುದೋ ಮೂರನೇ ದರ್ಜೆ ಕಳ್ಳತನ ಅಂತ ವೈಟ್ ಹೌಸ್ ವಕ್ತಾರ ತಳ್ಳಿಹಾಕ್ದ, ಜನಾನೂ ತಲೆ ಕೆಡಿಸ್ಕೊಳ್ಳಲಿಲ್ಲ, ನವೆಂಬರ್ ಚುನಾವಣೇಲಿ ನಿಕ್ಸನ್ 50ರಲ್ಲಿ 49 ರಾಜ್ಯ ಗೆದ್ದ. ಆಮೇಲೆ ಸೆನೆಟ್ ವಿಚಾರಣೆ ಟಿವಿಯಲ್ಲಿ ಬಂತು, 1973 ಜುಲೈ 16ಕ್ಕೆ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಅನ್ನೋ ಮಾಜಿ ಸಹಾಯಕನನ್ನ ಕೇಳಿದ್ರು, ಪ್ರೆಸಿಡೆಂಟ್ ಆಫೀಸಲ್ಲಿ ಕದ್ದು ಕೇಳೋ ಸಾಧನ ಏನಾದ್ರೂ ಇರೋದು ನಿಮಗೆ ಗೊತ್ತಾ ಅಂತ. ಗೊತ್ತು ಸಾರ್ ಅಂದ. ಮುಗೀತು. ಅಲ್ಲಿಂದ ಒಂದು ವರ್ಷ ಇಡೀ ದೇಶ ಟೇಪ್ ಕೊಡಿ ಕೊಡಿ ಅನ್ನೋದು, ಈತ ಕೊಡಲ್ಲ ಅನ್ನೋದು.

ಈಗ ನಾನು ಕೇಳಿದ್ದರ ಬಗ್ಗೆ. ಎಲ್ಲರೂ ಮೊದಲು ಹುಡುಕೋದು 1972 ಜೂನ್ 23ರದ್ದು, ಸ್ಮೋಕಿಂಗ್ ಗನ್, ಅಂದ್ರೆ ತಪ್ಪಿಸ್ಕೊಳ್ಳೋಕೆ ಆಗದ ಸಾಕ್ಷಿ, ಅಂತ ಹೆಸರು ಬಿದ್ದಿದೆಯಲ್ಲ ಅದು. ಟೇಪ್ ನಂಬರ್ 741, ಅದರಲ್ಲಿ ಎರಡನೇ ಮಾತುಕತೆ. ನಾನು ಏನೋ ನಿರೀಕ್ಷೆ ಇಟ್ಕೊಂಡಿದ್ದೆ, ಬಾಗಿಲು ಹಾಕ್ಕೊಳ್ಳೋದು, ದನಿ ತಗ್ಗಿಸೋದು, ಸಿನಿಮಾದಲ್ಲಿ ವಿಲನ್ ಮಾಡ್ತಾನಲ್ಲ ಹಂಗೆ. ಏನೂ ಇಲ್ಲ. ಬೆಳಗ್ಗೆ ಹತ್ತು ಗಂಟೆ, ಬಾಬ್ ಹಾಲ್ಡೆಮನ್ ಅನ್ನೋ ಚೀಫ್ ಆಫ್ ಸ್ಟಾಫ್ ಫೈಲ್ ಹಿಡ್ಕೊಂಡು ಬಂದು ದಿನದ ಲಿಸ್ಟ್ ಒಪ್ಪಿಸ್ತಿದ್ದಾನೆ. ಆ ಕಳ್ಳತನದ ವಿಷಯ ಕೈ ಮೀರ್ತಿದೆ, ಎಫ್‌ಬಿಐನೋರು ದುಡ್ಡಿನ ಜಾಡು ಹಿಡಿದು ಮೆಕ್ಸಿಕೋದ ಬ್ಯಾಂಕ್ ತನಕ ಹೋಗಿದ್ದಾರೆ, ಸಿಐಎಯ ವಾಲ್ಟರ್ಸ್ ಕೈಲಿ ಎಫ್‌ಬಿಐಯ ಗ್ರೇಗೆ ಒಂದು ಫೋನ್ ಮಾಡಿಸಿ ಇದರಿಂದ ದೂರ ಇರಿ ಅಂತ ಹೇಳಿಸಿಬಿಡೋಣ ಅಂತಾನೆ. ನಿಕ್ಸನ್ ಕೂಗಾಡಲ್ಲ, ಬೆಚ್ಚಿ ಬೀಳಲ್ಲ, ಹೂಂ ಸರಿ ಅಂತಾನೆ, ಹೆಂಗೆ ಹೇಳ್ಬೇಕು ಅಂತ ತಾನೇ ಪಾಯಿಂಟ್ ಎತ್ತಿಕೊಡ್ತಾನೆ, ಇದನ್ನ ಕೆದಕಿದ್ರೆ ಸಿಐಎಯೋರು ಹಿಂದೆ ಕ್ಯೂಬಾದಲ್ಲಿ ಮಾಡ್ಕೊಂಡಿದ್ದ ರಾದ್ಧಾಂತ ಎಲ್ಲಾ ಮತ್ತೆ ಮೇಲೆ ಬರುತ್ತೆ ಅಂತ ಹೇಳಿ ಅಂತಾನೆ. ಕೆಲವೇ ನಿಮಿಷ. ಅಷ್ಟರಲ್ಲಿ ಒಂದು ದೇಶದ ತನಿಖೆಯನ್ನ ಅದೇ ದೇಶದ ಮುಖ್ಯಸ್ಥ ಅಡ್ಡಗಟ್ಟಿ ಆಯ್ತು.

ಆಮೇಲೆ ಏನ್ ಮಾಡ್ತಾರೆ ಅಂತೀರಿ, ಮುಂದಿನ ಐಟಂಗೆ ಹೋಗ್ತಾರೆ! ಬ್ರಿಟಿಷರು ಪೌಂಡನ್ನ ಫ್ಲೋಟ್ ಮಾಡಿದ, ಅಂದ್ರೆ ಅದರ ಬೆಲೆಯನ್ನ ಮಾರುಕಟ್ಟೆಗೇ ಬಿಟ್ಟ ರಿಪೋರ್ಟ್ ಬಂತಾ ಅಂತ ಹಾಲ್ಡೆಮನ್ ಕೇಳ್ತಾನೆ, ಇಟಲಿಯ ದುಡ್ಡು ಲೀರಾ ಮೇಲೆ ಸಟ್ಟಾ ನಡೀತಿದೆಯಂತೆ ಅಂತಾನೆ, ಆ ಲೀರಾ ಕತೆ ಕಟ್ಕೊಂಡು ನನಗೇನಾಗ್ಬೇಕು ಅಂತ ನಿಕ್ಸನ್ ಒಂದು ಕೊಳಕು ಪದ ಸೇರಿಸಿ ಉಗೀತಾನೆ. ನಾನು ಈ ಜಾಗವನ್ನ ನಾಲ್ಕು ಸಲ ಹಿಂದೆ ಹಾಕಿ ಕೇಳ್ದೆ. ಎರಡೂ ವಿಷಯಕ್ಕೆ ದನಿ ಒಂದೇ. ಅದೇ ಬೇಜಾರು, ಅದೇ ಅವಸರ, ಇನ್ನೇನಿದೆ ಬೇಗ ಹೇಳು ಅನ್ನೋ ಧಾಟಿ. ಅಪರಾಧ ಮಾಡ್ತಿದ್ದೀನಿ ಅನ್ನೋದು ಆ ಮನುಷ್ಯನ ದನಿಯಲ್ಲಿ ಒಂದು ಚೂರೂ ಇಲ್ಲ, ಅದು ಅವತ್ತಿನ ಕೆಲಸದ ಪಟ್ಟಿಯಲ್ಲಿ ಒಂದು ಸಾಲು.

ಇಲ್ಲಿ ಒಂದು ಸ್ವಂತ ವಿಷಯ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಆಫೀಸಲ್ಲಿ ಒಂದ್ಸಲ ಮೀಟಿಂಗ್ ಕಾಲ್ ಮುಗಿದ ಮೇಲೆ ಮೇಲಿನೋರೊಬ್ಬರು ಲೈನ್ ಕಟ್ ಮಾಡೋಕೆ ಮರೆತ್ರು. ಅದೇ ಈಗಷ್ಟೇ ನೀವೆಲ್ಲಾ ನಮ್ಮ ಫ್ಯಾಮಿಲಿ ಇದ್ದಂಗೆ ಅಂತ ಗಂಟಲು ಕಟ್ಕೊಂಡು ಮಾತಾಡಿದ್ದ ಮನುಷ್ಯ, ಪಕ್ಕದೋರಿಗೆ ಇವರಲ್ಲಿ ಎಷ್ಟು ಜನಾನ ಯಾವ ತಿಂಗಳು ತೆಗೀಬೇಕು ಅಂತ ಹೇಳ್ತಾ, ಮಧ್ಯದಲ್ಲೇ ಊಟ ಏನ್ ತರಿಸೋಣ ಅಂತ ಕೇಳಿದ್ರು. ಕೆಲಸ ಹೋಗುತ್ತೆ ಅಂತ ನಮಗೆಲ್ಲ ಮೊದಲೇ ಅನುಮಾನ ಇತ್ತು, ಅದು ಅಷ್ಟು ನೋವು ಮಾಡಲಿಲ್ಲ. ಆ ಊಟದ ಮಾತಿದೆಯಲ್ಲ, ಅದು ಇವತ್ತಿಗೂ ಕಿವಿಯಲ್ಲಿದೆ. ಲೀರಾ ಬಂದ ಜಾಗದಲ್ಲಿ ನನಗೆ ತಟ್ಟಂತ ಅದೇ ನೆನಪಾಯ್ತು. ಆಮೇಲೆ ಆ ಮನುಷ್ಯ ಯಾವ ಮೀಟಿಂಗಲ್ಲಿ ಏನು ಒಳ್ಳೇದು ಹೇಳಿದ್ರೂ ನಾವು ಒಬ್ಬರ ಮುಖ ಒಬ್ಬರು ನೋಡ್ಕೊತಿದ್ವಿ, ನಿಜ ಹೇಳಿದಾಗ್ಲೂ.

ಎರಡನೇದು 1973 ಮಾರ್ಚ್ 21, ಇದು ನಿಜವಾಗ್ಲೂ ಕೇಳಲೇಬೇಕಾದ್ದು, ಒಂದೇ ಕೇಳ್ತೀನಿ ಅನ್ನೋರು ಸ್ಮೋಕಿಂಗ್ ಗನ್ ಬಿಟ್ಟು ಇದನ್ನ ಕೇಳಿ. ವೈಟ್ ಹೌಸ್ ವಕೀಲ ಜಾನ್ ಡೀನ್, ಆಗಿನ್ನೂ 34ರ ಹುಡುಗ, ಬಂದು ಕೂತು ಪ್ರೆಸಿಡೆಂಟ್ ಹುದ್ದೆಗೇ ಒಂದು ಕ್ಯಾನ್ಸರ್ ಅಂಟ್ಕೊಂಡಿದೆ, ದಿನಾ ಬೆಳೀತಿದೆ ಅಂತ ಶುರು ಮಾಡ್ತಾನೆ. ಆತನ ದನಿ ಸಣ್ಣಗೆ, ರಿಹರ್ಸಲ್ ಮಾಡ್ಕೊಂಡು ಬಂದೋನ ಹಾಗೆ. ಸಿಕ್ಕಿಬಿದ್ದೋರು ಬಾಯಿ ಮುಚ್ಕೊಂಡಿರೋಕೆ ದುಡ್ಡು ಕೇಳ್ತಿದ್ದಾರೆ, ಇದು ಬ್ಲ್ಯಾಕ್‌ಮೇಲು, ಮುಗಿಯಲ್ಲ, ಮುಂದಿನ ಎರಡು ವರ್ಷಕ್ಕೆ ಹತ್ತು ಲಕ್ಷ ಡಾಲರ್ ಆದ್ರೂ ಬೇಕಾಗುತ್ತೆ ಅಂತಾನೆ. ಹಾಗಂದ್ರೆ ಪ್ರೆಸಿಡೆಂಟ್ ಗಾಬರಿ ಆಗ್ತಾರೆ, ಛೆ ಛೆ ಇದೆಲ್ಲಾ ಬೇಡ ಅಂತಾರೆ ಅಂತ ಡೀನ್ ಅಂದ್ಕೊಂಡಿದ್ದ ಅಂತ ಕಾಣುತ್ತೆ. ನಿಕ್ಸನ್ ಏನಂತಾನೆ ಗೊತ್ತಾ, ದುಡ್ಡು ಹೊಂದಿಸಬಹುದು, ಕ್ಯಾಶಲ್ಲೇ ಹೊಂದಿಸಬಹುದು, ಎಲ್ಲಿಂದ ಅಂತ ನನಗೆ ಗೊತ್ತು. ಮನೆ ಕಟ್ಟೋಕೆ ಸಾಲ ಎಲ್ಲಿ ಸಿಗುತ್ತೆ ಅಂತ ಮನೆ ಯಜಮಾನ ಹೇಳೋ ಥರ. ಇದೆಲ್ಲ ಮಾಫಿಯಾದೋರ ಕೆಲಸ, ನಮಗೆ ಅಭ್ಯಾಸ ಇಲ್ಲ ಅಂತ ಡೀನ್ ಅಂದ್ರೆ, ಅದೂ ಹೌದು ಅಂತಾನೆ! ನಾನು ನಕ್ಕುಬಿಟ್ಟೆ, ಆಮೇಲೆ ನಕ್ಕಿದ್ದಕ್ಕೆ ಬೇಜಾರಾಯ್ತು.

ಟ್ರಾನ್ಸ್‌ಕ್ರಿಪ್ಟ್ ಬಗ್ಗೆ ಒಂದು ಎಚ್ಚರಿಕೆ, ಇಲ್ಲಿ ಎರಡು ಮೂರು ವರ್ಷನ್ ಓಡಾಡ್ತಿವೆ, ಯಾವುದು ಅಂತ ನೋಡ್ಕೊಂಡು ಓದಿ. 1974 ಏಪ್ರಿಲ್ ಕೊನೆಗೆ ನಿಕ್ಸನ್ ಟೇಪ್ ಕೊಡೋ ಬದಲು ತಮ್ಮೋರೇ ಟೈಪ್ ಮಾಡಿದ 1,200ಕ್ಕೂ ಹೆಚ್ಚು ಪುಟ ಕೊಟ್ರು, ಟಿವಿಯಲ್ಲಿ ಬಂದು ಫೋಲ್ಡರ್‌ಗಳ ರಾಶಿ ಪಕ್ಕದಲ್ಲಿ ಜೋಡಿಸಿಟ್ಕೊಂಡು ಎಲ್ಲಾ ಇದರಲ್ಲಿದೆ ನೋಡ್ಕೊಳ್ಳಿ ಅಂದ್ರು. ಬೈಗುಳ ಇದ್ದ ಕಡೆಯೆಲ್ಲಾ ಬ್ರ್ಯಾಕೆಟ್ಟಲ್ಲಿ ಎಕ್ಸ್‌ಪ್ಲೆಟಿವ್ ಡಿಲೀಟೆಡ್. ಅದು ಆ ಕಾಲದ ಮೀಮ್ ಆಗೋಯ್ತು, ಜನ ಬೋರ್ಡ್ ಬರ್ಕೊಂಡು ಬೀದಿಗೆ ಬಂದ್ರು. ನನಗನ್ಸೋದು, ಇದು ಬೈಗುಳಕ್ಕಿಂತ ಜಾಸ್ತಿ ಡ್ಯಾಮೇಜ್ ಮಾಡ್ತು, ಯಾಕಂದ್ರೆ ಬ್ರ್ಯಾಕೆಟ್ ನೋಡಿದೋನು ತನಗೆ ಗೊತ್ತಿರೋ ಅತಿ ಕೆಟ್ಟ ಪದವನ್ನೇ ಅಲ್ಲಿ ತುಂಬ್ಕೋತಾನೆ, ಆದ್ರೆ ಟೇಪಲ್ಲಿ ಕೇಳಿದ್ರೆ ಎಷ್ಟೋ ಕಡೆ ಅದು ನಾವು ಬಸ್ಸಲ್ಲಿ ಕಾಲು ತುಳಿದಾಗ ಅನ್ನೋ ಮಟ್ಟದ್ದು ಅಷ್ಟೇ. ಮೊದಲಿಂದ ನಿಕ್ಸನ್ ಪರ ಇದ್ದ ಷಿಕಾಗೋ ಟ್ರಿಬ್ಯೂನ್ ಪೇಪರು ಅಷ್ಟೂ ಟ್ರಾನ್ಸ್‌ಕ್ರಿಪ್ಟನ್ನ ಪುರವಣಿ ಮಾಡಿ ಅಚ್ಚು ಹಾಕ್ತು, ವಾರ ಒಂದು ಕಳೆದ ಮೇಲೆ ಹುದ್ದೆ ಬಿಡಿ ಅಂತ ಸಂಪಾದಕೀಯ ಬರೀತು.

ಆದ್ರೆ ಬೈಗುಳ ಮಾತ್ರ ಕತ್ತರಿಸಿದ್ರಾ? ಜುಲೈಯಲ್ಲಿ, ನಿಕ್ಸನ್ನನ್ನ ಹುದ್ದೆಯಿಂದ ಇಳಿಸಬೇಕಾ ಅಂತ ವಿಚಾರಣೆ ಮಾಡ್ತಿದ್ದ ಸಂಸತ್ತಿನ ಜುಡಿಷಿಯರಿ ಕಮಿಟಿ ತಾವೇ ಟೇಪ್ ಕೇಳಿ ಬೇರೆ ಟ್ರಾನ್ಸ್‌ಕ್ರಿಪ್ಟ್ ಮಾಡಿ ಎದುರಿಗಿಟ್ರು. 1973 ಮಾರ್ಚ್ 22ರ ಮಾತಲ್ಲಿ ನಿಕ್ಸನ್, ಏನಾದ್ರೂ ಆಗಲಿ, ನೀವೆಲ್ಲಾ ಕಲ್ಲುಗೋಡೆ ಥರ ನಿಂತ್ಕೊಳ್ಳಿ, ಐದನೇ ತಿದ್ದುಪಡಿ (ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಅನ್ನೋ ಹಕ್ಕು) ಹೇಳಿ ಬಾಯಿ ಬಿಡಬೇಡಿ, ಮುಚ್ಚಿ ಹಾಕಿ, ಏನ್ ಬೇಕಾದ್ರೂ ಮಾಡಿ ಅಂತ ಹೇಳಿದ್ದು ಇದೆಯಲ್ಲ, ಅದು ವೈಟ್ ಹೌಸ್ ಕೊಟ್ಟ ಪುಸ್ತಕದಲ್ಲಿ ಇರಲೇ ಇಲ್ಲ. ಎಲ್ಲಾ ಇದರಲ್ಲಿದೆ ಅಂತ ಟಿವಿಯಲ್ಲಿ ಹೇಳಿದ್ದ ಪುಸ್ತಕ. ನಾನು ಎರಡೂ ಟ್ಯಾಬ್ ಓಪನ್ ಮಾಡಿ ಅಕ್ಕಪಕ್ಕ ಇಟ್ಟು ನೋಡ್ದೆ, ಹೆಡ್‌ಫೋನಲ್ಲಿ ಆ ವಾಕ್ಯ ಸ್ಪಷ್ಟವಾಗಿ ಕೇಳ್ತಿದೆ, ಒಂದು ಟ್ಯಾಬಲ್ಲಿ ಇಲ್ಲ. ಈ ಇಡೀ ಸರ್ವೀಸಲ್ಲಿ ದುಡ್ಡು ಕೊಟ್ಟು ನೋಡಬಹುದಾದ ಅನುಭವ ಅಂದ್ರೆ ಇದೇ.

ಇದಕ್ಕಿಂತ ಮುಂಚೆ, 1973ರ ನವೆಂಬರಲ್ಲಿ, ಫ್ಲಾರಿಡಾದ ಡಿಸ್ನಿ ವರ್ಲ್ಡಲ್ಲಿ ಪತ್ರಿಕೆಯೋರ ಮುಂದೆ ನಿಂತು ನಾನು ಕಳ್ಳ ಅಲ್ಲ ಅಂತ ಹೇಳಿದ್ದು ಎಲ್ಲರಿಗೂ ಗೊತ್ತು, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ಎಷ್ಟೋ ಜನಕ್ಕೆ ಗೊತ್ತಿಲ್ಲದ್ದು ಅಂದ್ರೆ ಆ ಮಾತು ಬಂದಿದ್ದು ಆತನ ಸ್ವಂತ ದುಡ್ಡುಕಾಸಿನ ಪ್ರಶ್ನೆಗೆ. 1970ರಲ್ಲಿ ದೇಶದ ಪ್ರೆಸಿಡೆಂಟ್ ಕಟ್ಟಿದ್ದ ಇನ್‌ಕಮ್ ಟ್ಯಾಕ್ಸ್ 800 ಡಾಲರ್ ಕೂಡ ಇರಲಿಲ್ಲ, ಎರಡು ಲಕ್ಷ ಡಾಲರ್ ಸಂಬಳದ ಮೇಲೆ. ಆಮೇಲೆ ನಾಲ್ಕು ಲಕ್ಷಕ್ಕೂ ಹೆಚ್ಚು ಡಾಲರ್ ಬಾಕಿ ತೋರಿಸಿದ್ರು. ಸಾಮಾನ್ಯ ಸಂಬಳದೋನಿಗೆ ವಾಟರ್‌ಗೇಟಿನ ಸಿಐಎ ಎಫ್‌ಬಿಐ ಎಲ್ಲಾ ಗೋಜಲು, ಟ್ಯಾಕ್ಸ್ ಮಾತ್ರ ಚೆನ್ನಾಗಿ ಅರ್ಥ ಆಗುತ್ತೆ, ತನ್ನ ಸಂಬಳದಲ್ಲಿ ಎಷ್ಟು ಕಟ್ ಆಗುತ್ತೆ ಅಂತ ಅವನಿಗೆ ಗೊತ್ತಲ್ಲ.

ಕೊನೆಗೆ 1974 ಜುಲೈ 24ಕ್ಕೆ ಸುಪ್ರೀಂ ಕೋರ್ಟ್ 8-0 ತೀರ್ಪು ಕೊಡ್ತು, ಟೇಪ್ ಕೊಡಲೇಬೇಕು ಅಂತ. ಅದರಲ್ಲಿ ಮೂರು ಜನ ನಿಕ್ಸನ್ನೇ ನೇಮಿಸಿದ ಜಡ್ಜ್‌ಗಳು, ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಬರ್ಗರ್ ಸೇರಿ. ಆಗಸ್ಟ್ 5ಕ್ಕೆ ಆ ಜೂನ್ 23ರ ಟ್ರಾನ್ಸ್‌ಕ್ರಿಪ್ಟ್ ಹೊರಗೆ ಬಂತು, ಕಮಿಟಿಯಲ್ಲಿ ಅಲ್ಲೀವರೆಗೂ ನಿಕ್ಸನ್ ಪರ ಓಟು ಹಾಕಿದ್ದ ಆತನದೇ ಪಾರ್ಟಿಯ ರಿಪಬ್ಲಿಕನ್ನರೂ ಕೈ ಬಿಟ್ರು, 9ಕ್ಕೆ ಹೆಲಿಕಾಪ್ಟರ್ ಹತ್ತಿ ಹೋದ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಈ ಆರ್ಕೈವಲ್ಲಿ ಕೂತು ಕೇಳುವಾಗ ಒಂದು ವಿಚಿತ್ರ ಅನ್ಸುತ್ತೆ, ಮನುಷ್ಯ ಹೊಲಸು, ಆದ್ರೆ ಅವನನ್ನ ಹಿಡಿದ ವ್ಯವಸ್ಥೆ ಕೆಲಸ ಮಾಡ್ತು. ಗಾರ್ಡು, ಪತ್ರಕರ್ತರು, ಜಿಲ್ಲಾ ಜಡ್ಜ್ ಸಿರಿಕಾ, ಸೆನೆಟ್ಟು, ಸುಪ್ರೀಂ ಕೋರ್ಟು, ಒಬ್ಬರಾದ ಮೇಲೆ ಒಬ್ಬರು. ಲೆಕ್ಕದ ಪ್ರಕಾರ ಜನರ ನಂಬಿಕೆ ಜಾಸ್ತಿ ಆಗಬೇಕಿತ್ತು ತಾನೇ?

ಆಗಲಿಲ್ಲ. ಅಲ್ಲಿ 1958ರಿಂದ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಒಂದೇ ಪ್ರಶ್ನೆ ಕೇಳ್ಕೊಂಡು ಬಂದಿದ್ದಾರೆ, ವಾಷಿಂಗ್ಟನ್ ಸರ್ಕಾರ ಸರಿಯಾದ್ದು ಮಾಡುತ್ತೆ ಅಂತ ಯಾವಾಗಲೂ ಅಥವಾ ಹೆಚ್ಚಿನ ಸಲ ನಂಬ್ತೀರಾ ಅಂತ. 1964ರಲ್ಲಿ ನೂರಕ್ಕೆ 77 ಜನ ಹೂಂ ಅಂದಿದ್ರು. 1974ರಲ್ಲಿ 36. ಎಲ್ಲಾ ಈ ಟೇಪಿನ ಮಹಿಮೆ ಅಂತ ಹೇಳೋದು ತಪ್ಪಾಗುತ್ತೆ, ವಿಯೆಟ್ನಾಂ ಯುದ್ಧದ ಸುಳ್ಳುಗಳು ಅದಾಗಲೇ ಅರ್ಧ ಕೆಲಸ ಮುಗಿಸಿದ್ವು, 1971ರಲ್ಲಿ ಪೆಂಟಗನ್ ಪೇಪರ್ಸ್ ಅನ್ನೋ, ಆ ಯುದ್ಧದ ಗುಟ್ಟಿನ ಸರ್ಕಾರಿ ದಾಖಲೆಗಳು ಹೊರಗೆ ಬಂದಾಗ ಹಿಂದಿನ ಪ್ರೆಸಿಡೆಂಟ್‌ಗಳೂ ಸಾಚಾ ಅಲ್ಲ ಅಂತ ಗೊತ್ತಾಗಿತ್ತು. ನಿಕ್ಸನ್ ಅದಕ್ಕೆ ದನಿ ಕೊಟ್ಟ ಅಷ್ಟೆ. ರಾಜಕಾರಣಿಗಳು ಒಳಗೆ ಹೆಂಗೆ ಮಾತಾಡ್ತಾರೋ ಅಂತ ಅಲ್ಲೀವರೆಗೂ ಊಹೆ ಇತ್ತು, ಈಗ ರೆಕಾರ್ಡಿಂಗ್ ಇದೆ. ಆಮೇಲೆ ಪ್ರೆಸಿಡೆಂಟ್ ಆಗಿ ಬಂದ ಫೋರ್ಡ್ ಒಂದೇ ತಿಂಗಳಲ್ಲಿ, ಸೆಪ್ಟೆಂಬರ್ 8ರ ಭಾನುವಾರ, ನಿಕ್ಸನ್‌ಗೆ ಪೂರ್ತಿ ಕ್ಷಮೆ ಕೊಟ್ಟು ಇರೋ ನಂಬಿಕೆಗೂ ನೀರು ಬಿಟ್ಟ. ಹಾಲ್ಡೆಮನ್, ನಿಕ್ಸನ್ ಸಲಹೆಗಾರ ಅರ್ಲಿಕ್‌ಮನ್, ಅಟಾರ್ನಿ ಜನರಲ್ ಆಗಿದ್ದ ಮಿಚೆಲ್ ಜೈಲಿಗೆ ಹೋದ್ರು, ಹೂಂ ಅಂದೋನು ಕ್ಯಾಲಿಫೋರ್ನಿಯಾದ ಕಡಲ ತೀರದ ಮನೆಗೆ ಹೋದ. 1976ರಲ್ಲಿ ಕಾರ್ಟರ್ ಅನ್ನೋ ಕಡಲೆಕಾಯಿ ಬೆಳೆಗಾರ ನಿಮಗೆ ನಾನು ಸುಳ್ಳು ಹೇಳಲ್ಲ ಅಂತ ಹೇಳ್ಕೊಂಡೇ ಗೆದ್ದ ಅಂದ್ರೆ ಯೋಚನೆ ಮಾಡಿ, ಸುಳ್ಳು ಹೇಳದೇ ಇರೋದೂ ಒಂದು ಚುನಾವಣಾ ಭರವಸೆ ಆಗಿಹೋಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ, ಸಮೀಕ್ಷೆ ಮಾಡೋ ಪ್ಯೂ ಸಂಸ್ಥೆಯೋರು 2023ರಲ್ಲಿ ಅದೇ ಪ್ರಶ್ನೆ ಕೇಳಿದಾಗ ಹೂಂ ಅಂದೋರು ನೂರಕ್ಕೆ 16.

ಕಾನೂನುಗಳು ಬಂದವು ಅನ್ನಿ, ಚುನಾವಣಾ ಚಂದಾ ಮೇಲೆ ಮಿತಿ, ಪ್ರೆಸಿಡೆಂಟಿನ ಕಾಗದಪತ್ರ ದೇಶದ ಆಸ್ತಿ ಅನ್ನೋ 1978ರ ಕಾಯ್ದೆ, ಇತ್ಯಾದಿ. ಅಷ್ಟೇ ಮುಖ್ಯವಾದ ಇನ್ನೊಂದು ಪಾಠ ಬೇರೆಯೋರು ಕಲಿತ್ರು: ರೆಕಾರ್ಡ್ ಮಾಡ್ಬೇಡಿ. ನಿಕ್ಸನ್ ಆದ ಮೇಲೆ ಈ ಥರದ ಟೇಪ್ ಭಂಡಾರ ಯಾವ ಪ್ರೆಸಿಡೆಂಟಿಂದಾನೂ ನಮಗೆ ಸಿಕ್ಕಿಲ್ಲ, ಹಾಗಾಗಿ ಈ ಸರ್ವೀಸಿಗೆ ಕಾಂಪಿಟಿಷನ್ನೇ ಇಲ್ಲ. 2024ರಲ್ಲಿ ಅದೇ ಸುಪ್ರೀಂ ಕೋರ್ಟು ಪ್ರೆಸಿಡೆಂಟ್ ಅಧಿಕೃತವಾಗಿ ಮಾಡಿದ ಕೆಲಸಗಳಿಗೆ ಕ್ರಿಮಿನಲ್ ಕೇಸಿಂದ ದೊಡ್ಡ ರಕ್ಷಣೆ ಇದೆ ಅಂತ 6-3ರಲ್ಲಿ ಹೇಳಿದ ಮೇಲೆ ನಾನು ಜೂನ್ 23ರ ಟೇಪನ್ನ ಮತ್ತೊಂದು ಸಲ ಹಾಕ್ಕೊಂಡು ಕೂತೆ. ಸಿಐಎಗೆ ಹೇಳು ಎಫ್‌ಬಿಐಗೆ ಹೇಳು ಅನ್ನೋದು ಅಧಿಕೃತ ಕೆಲಸಾನೋ ಅಲ್ವೋ? ವಕೀಲರು ಕಿತ್ತಾಡ್ಕೊಳ್ಳಲಿ.

ನಮ್ಮೋರಿಗೆ ಒಂದು ಎಕ್ಸ್‌ಟ್ರಾ ಕಾರಣ ಇದೆ ಕೇಳೋಕೆ. 1971ರ ನವೆಂಬರ್ 5ರ ಬೆಳಗ್ಗೆಯ ಟೇಪಲ್ಲಿ, ಹಿಂದಿನ ದಿನ ಇಂದಿರಾ ಗಾಂಧಿಯೋರನ್ನ ಅದೇ ಓವಲ್ ಆಫೀಸಲ್ಲಿ ಕೂರಿಸ್ಕೊಂಡು ನಯವಾಗಿ ಮಾತಾಡಿದ್ದ ನಿಕ್ಸನ್, ತನ್ನ ಭದ್ರತಾ ಸಲಹೆಗಾರ ಕಿಸಿಂಜರ್ ಜೊತೆ ಕೂತು ಆಯಮ್ಮನ್ನ ಮುದಿ ಮಾಟಗಾತಿ ಅಂತಾನೆ, ಕಿಸಿಂಜರ್ ತನ್ನ ಪಾಲಿಂದು ಸೇರಿಸ್ತಾನೆ. ಇಲ್ಲಿ ನನಗೆ ಕೋಪ ಬರುತ್ತೆ ಅಂದ್ಕೊಂಡಿದ್ದೆ. ಬಂದಿದ್ದು ಸುಸ್ತು. ಎಲ್ಲರ ಬೆನ್ನ ಹಿಂದೇನೂ ಇದೇ ಮಾತು ಈ ರೂಮಲ್ಲಿ, ಯಹೂದಿಗಳ ಬಗ್ಗೆ, ಕರಿಯರ ಬಗ್ಗೆ, ಪತ್ರಕರ್ತರ ಬಗ್ಗೆ, ತನ್ನ ಮಂತ್ರಿಗಳ ಬಗ್ಗೆ. ಹೊಟ್ಟೆಗೆ ಹಿಡಿಸದೇ ಇರೋರು ಈ ಭಾಗ ಬಿಟ್ಟು ಮುಂದೆ ಹೋಗಬಹುದು, ಎಚ್ಚರಿಕೆ ಫಲಕ ಅಂತ ಯಾವುದೂ ಬರಲ್ಲ.

ಸ್ಟಾರ್ ಕೊಡಲೇಬೇಕು ಅಂದ್ರೆ ಸೌಂಡಿಗೆ ಐದರಲ್ಲಿ ಒಂದೂವರೆ, ಕಂಟೆಂಟಿಗೆ ಐದು. ರಾಷ್ಟ್ರ ಭದ್ರತೆ, ಖಾಸಗಿತನ ಅಂತ ತಡೆ ಹಿಡಿದಿರೋ ಸುಮಾರು 700 ಗಂಟೆಗೆ ಅರ್ಧ ಸ್ಟಾರ್ ಕಟ್ ಮಾಡೋಣ ಅಂದ್ಕೊಂಡೆ, ಆಮೇಲೆ ಬಿಟ್ಟೆ, ಕೇಳಿರೋದೇ ಜಾಸ್ತಿ ಆಗಿದೆ. ಒಂದು ಸಲಹೆ, ಯಾವ್ಯಾವುದೋ ಆ್ಯಪುಗಳಲ್ಲಿ ಇದೇ ಟೇಪನ್ನ ಹಿನ್ನೆಲೆಗೆ ಢಂ ಢಂ ಮ್ಯೂಸಿಕ್ ಹಾಕಿ ಮೂರು ನಿಮಿಷಕ್ಕೆ ಕತ್ತರಿಸಿ ಹಾಕಿರ್ತಾರೆ, ಅದನ್ನ ಕೇಳಿ ನಾನೂ ಮೊದಲು ಮೋಸ ಹೋದೆ, ಲೀರಾ ಇಲ್ಲದ ಸ್ಮೋಕಿಂಗ್ ಗನ್ ಕೇಳಿದ್ರೆ ಏನೂ ಕೇಳಿದಂಗೆ ಅಲ್ಲ. ಪೂರ್ತಿ ಕೇಳಿ, ಬೋರ್ ಆದ್ರೂ.

ಬೋರ್ ಅಂದಾಗ ನೆನಪಾಯ್ತು, ಟೇಪ್ 342, 16ನೇ ಮಾತುಕತೆ. 1972 ಜೂನ್ 20, ಕಳ್ಳರು ಸಿಕ್ಕಿಬಿದ್ದು ಮೂರು ದಿನ, ನಿಕ್ಸನ್ ಮತ್ತೆ ಹಾಲ್ಡೆಮನ್. ಮಾತು ಹೋಗ್ತಾ ಹೋಗ್ತಾ ಇದ್ದಕ್ಕಿದ್ದಂಗೆ ನಿಂತು ಹದಿನೆಂಟೂವರೆ ನಿಮಿಷ ಬರೀ ಗುಂಯ್ ಅನ್ನೋ ಸದ್ದು. ಸೆಕ್ರೆಟರಿ ರೋಸ್ ಮೇರಿ ವುಡ್ಸ್, ಟೈಪ್ ಮಾಡ್ತಿರುವಾಗ ಫೋನ್ ಬಂತು, ಕೈ ಅಲ್ಲಿಗೆ ಚಾಚಿದೆ, ಕಾಲು ಟೇಪ್ ಮೆಷಿನ್ ಪೆಡಲ್ ಮೇಲೇ ಇತ್ತು, ಅಕಸ್ಮಾತ್ ಒಂದೈದು ನಿಮಿಷ ಅಳಿಸಿ ಹೋಗಿರಬಹುದು ಅಂದ್ರು, ಆಯಮ್ಮ ಹಂಗೆ ಚಾಚ್ಕೊಂಡು ಕೂತು ತೋರಿಸಿದ ಫೋಟೋ ಕೂಡ ಇದೆ, ಯೋಗಾಸನದ ಥರ. ಕೋರ್ಟ್ ನೇಮಿಸಿದ ತಜ್ಞರು ಪರೀಕ್ಷೆ ಮಾಡಿ ಇದು ಐದು ಸಲವಾದ್ರೂ ಬೇರೆ ಬೇರೆಯಾಗಿ ಅಳಿಸಿದ್ದು ಅಂದ್ರು. ಯಾರು ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ. 2000ದ ನಂತರ ಆರ್ಕೈವ್ಸಿನೋರು ಹೊಸ ಟೆಕ್ನಾಲಜಿಯಲ್ಲಿ ಮಾತು ವಾಪಸ್ ತೆಗೀಬಹುದಾ ಅಂತ ನೋಡಿ 2003ರಲ್ಲಿ ಕೈ ಚೆಲ್ಲಿದ್ರು. ಹಾಲ್ಡೆಮನ್ ಆವತ್ತು ಕೈಯಲ್ಲಿ ಬರ್ಕೊಂಡಿದ್ದ ನೋಟ್ಸ್ ಇದೆ, ಅದರಲ್ಲಿ ಒಂದು ಸಾಲು, ಈ ಆಫೀಸಲ್ಲಿ ಯಾರಾದ್ರೂ ಕದ್ದು ಕೇಳೋ ಮೈಕ್ ಇಟ್ಟಿದ್ದಾರಾ ಅಂತ ಚೆನ್ನಾಗಿ ಚೆಕ್ ಮಾಡಿಸ್ತಾ ಇರಬೇಕು ಅಂತ.

ನಾನು ಅಷ್ಟೂ ಹದಿನೆಂಟೂವರೆ ನಿಮಿಷ ಕೇಳ್ದೆ. ಹುಚ್ಚು ಅನ್ನಿ. ಒಂದು ಮಟ್ಟದಲ್ಲಿ ಗುಂಯ್ ಅಂತಿರುತ್ತೆ, ನಡುವೆ ಟಕ್ ಅನ್ನುತ್ತೆ, ಸದ್ದು ಒಂದು ಚೂರು ತೆಳ್ಳಗಾಗುತ್ತೆ, ಅದರ ಅಡೀಲಿ ಯಾರೋ ಮಾತಾಡಿದ ಹಾಗೆ ಅನ್ಸಿ ವಾಲ್ಯೂಮ್ ಪೂರ್ತಿ ಏರಿಸ್ದೆ, ಹೆಡ್‌ಫೋನ್ ಪಿನ್ ಸಡಿಲಾಗಿ ಕಿತ್ಕೊಂಡು ಬಂತು, ಫೋನ್ ಜೋರಾಗಿ ಮನೆಯೆಲ್ಲಾ ಗುಂಯ್‌ಗುಟ್ಟೋಕೆ ಶುರು ಆಯ್ತು. ಅಮ್ಮ ಒಳಗಿಂದ, ಏನೋ ಅದು, ಮೋಟರ್ ಆಫ್ ಮಾಡೋದು ಮರೆತ್ಯೇನೋ ಅಂದ್ರು. ಇಲ್ಲಮ್ಮ, ಅಮೆರಿಕದ ಪ್ರೆಸಿಡೆಂಟ್ ಮಾತಾಡ್ತಿದ್ದಾರೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಏನಂತಾರೆ ಅಂತ ಕೇಳಿದ್ರು.